ಮನೆಯಲ್ಲಿ ಕಾಯಿಲೆ, ಕೊಟ್ಟಿಗೆಯಲ್ಲಿ ದನ: ಸಣ್ಣ ಹಿಡುವಳಿಯನ್ನು ಕೈಬಿಡದೆ ನಡೆಸುವ ಬಗೆ

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಸಣ್ಣ ಹಿಡುವಳಿಯಲ್ಲಿ ದುಡ್ಡಿಗಿಂತ ಮೊದಲು ಹೊತ್ತು ಖಾಲಿಯಾಗುತ್ತದೆ. ನಾಲ್ಕು ಕೈಗಳು ಮಾಡುತ್ತಿದ್ದ ಕೆಲಸಕ್ಕೆ ಎರಡು ಕೈ ಉಳಿಯುತ್ತವೆ, ಅದರಲ್ಲೂ ಒಂದು ಔಷಧಿ ಚೀಟಿ ಹಿಡಿದಿರುತ್ತದೆ. ಹೆಚ್ಚಿನವರು ಆಗ ಮಾಡುವುದು ಒಂದೇ: ಬೆಳಿಗ್ಗೆ ಇನ್ನೂ ಒಂದು ಗಂಟೆ ಮುಂಚೆ ಏಳುವುದು. ಮೂರು ವಾರ ಅದು ನಡೆಯುತ್ತದೆ. ನಾಲ್ಕನೆಯ ವಾರ ಹಸುವಿಗೆ ಕೆಚ್ಚಲು ಬಾವು, ಇಲ್ಲವೇ ಆರೈಕೆ ಮಾಡುವವರಿಗೇ ಜ್ವರ. ಹಿಡುವಳಿಯನ್ನು ಕೆಟ್ಟ ವಾರದ ಅಳತೆಗೆ ಮೊದಲೇ ಕತ್ತರಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲು ಗಂಟೆಯ ಲೆಕ್ಕ

ಮೂರು ದಿನ ಒಂದು ಚೀಟಿಯಲ್ಲಿ ಪ್ರತಿ ಕೆಲಸಕ್ಕೂ ಹಿಡಿದ ನಿಮಿಷ ಬರೆಯಿರಿ. ಅಂದಾಜು ಬೇಡ, ಗಡಿಯಾರ ನೋಡಿ ಬರೆಯಿರಿ. ಆಮೇಲೆ ಕೆಲಸಗಳನ್ನು ಮೂರು ಪಾಲು ಮಾಡಿ. ಹನ್ನೆರಡು ಗಂಟೆಯೂ ಕಾಯಲಾರದವು: ನೀರು, ಹಾಲು ಕರೆಯುವುದು, ಎಳೆಗರುವಿನ ಹೊಟ್ಟೆ, ರಾತ್ರಿ ಕೋಳಿಗೂಡಿನ ಬಾಗಿಲು. ಒಂದು ವಾರ ಕಾಯಬಲ್ಲವು: ಕಳೆ ಕೀಳುವುದು, ತಿಪ್ಪೆ ಸಾಗಿಸುವುದು, ಬೇಲಿಯ ಸಣ್ಣ ರಿಪೇರಿ. ಒಂದು ಹಂಗಾಮೇ ಕಾಯಬಲ್ಲವು: ಹೊಸ ನಾಟಿ, ಹೊಸ ತಳಿ, ಹೊಸ ಶೆಡ್.

ಮೊದಲ ಪಾಲಿನ ಒಟ್ಟು ಮಾತ್ರ ಈಗ ಮುಖ್ಯ. ಉದಾಹರಣೆಗೆ ಎರಡು ಕರೆಯುವ ಹಸು, ಹತ್ತು ಮೇಕೆ, ಮೂವತ್ತು ಕೋಳಿ ಇರುವ ಕಡೆ: ಹಾಲು ಕರೆಯಲು ಎರಡು ಹೊತ್ತು ಸೇರಿ 80 ನಿಮಿಷ, ಮೇವು ಕೊಯ್ದು ಕತ್ತರಿಸಲು 90, ನೀರು ಹೊರಲು 30, ಸಗಣಿ ಬಾಚಲು 40, ಕೋಳಿಗೆ 20, ಮೇಕೆಗೆ 30. ಒಟ್ಟು 290 ನಿಮಿಷ, ಅಂದರೆ ಐದು ಗಂಟೆಗೆ ಹತ್ತು ನಿಮಿಷ ಕಡಿಮೆ. ಆಸ್ಪತ್ರೆಗೆ ಹೋಗುವ ದಿನ ಇಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ. ಇದೇ ಪಟ್ಟಿಯಲ್ಲಿ ನೀರು ತಾನಾಗಿ ಬರುವಂತೆ ಮಾಡಿದರೆ 30ರ ಜಾಗದಲ್ಲಿ 5, ಮೇವು ಕೂಡಿಟ್ಟಿದ್ದರೆ 90ರ ಜಾಗದಲ್ಲಿ 30, ಹಾಲು ಒಂದೇ ಹೊತ್ತು ಕರೆದರೆ 80ರ ಜಾಗದಲ್ಲಿ 45, ಸಗಣಿಯನ್ನು ಮಲಗುವ ಜಾಗದಲ್ಲಷ್ಟೇ ಬಾಚಿದರೆ 40ರ ಜಾಗದಲ್ಲಿ 25. ಆಗ 155 ನಿಮಿಷ. ಒಂದು ಪ್ರಾಣಿಯನ್ನೂ ಮಾರದೆ ಸುಮಾರು ಅರ್ಧ ಹೊತ್ತು ಉಳಿಯಿತು. ಇಷ್ಟಾದ ಮೇಲೂ ಲೆಕ್ಕ ಕೂಡದಿದ್ದರೆ ಮಾತ್ರ ಪ್ರಾಣಿಗಳ ಸಂಖ್ಯೆಗೆ ಕೈ ಹಾಕಿ.

ಕಾಯಿಲೆಗೂ ಒಂದು ಪಂಚಾಂಗ ಇರುತ್ತದೆ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹೋಗಿಬರುವ ದಾರಿ, ಬಂದ ಮೇಲಿನ ಸುಸ್ತು ಸೇರಿದರೆ ಆ ದಿನ ಮುಗಿದ ಹಾಗೆ. ಕೀಮೋಥೆರಪಿ ಹೆಚ್ಚಾಗಿ ಎರಡು ಅಥವಾ ಮೂರು ವಾರದ ಸುತ್ತಿನಲ್ಲಿ ಬರುತ್ತದೆ. ಶಸ್ತ್ರಚಿಕಿತ್ಸೆಗೆ ತಾರೀಖು ಇರುತ್ತದೆ, ಚೇತರಿಕೆಯ ವಾರಗಳನ್ನು ಎಣಿಸಬಹುದು. ಪಾರ್ಶ್ವವಾಯು, ಮರೆಗುಳಿತನಗಳಿಗೆ ಮಾತ್ರ ಕೊನೆಯ ತಾರೀಖಿಲ್ಲ. ಅಲ್ಲಿ ತಾತ್ಕಾಲಿಕ ಏರ್ಪಾಡು ಹಾಕಿಕೊಂಡರೆ ಆರು ತಿಂಗಳಲ್ಲಿ ಸೋಲುತ್ತೀರಿ, ಹಿಡುವಳಿಯ ಗಾತ್ರವನ್ನೇ ಬದಲಿಸಬೇಕು. ಒಂದೇ ಗೋಡೆ ಕ್ಯಾಲೆಂಡರಿನಲ್ಲಿ ಆಸ್ಪತ್ರೆಯ ದಿನಗಳನ್ನೂ, ಹಸು ಕರು ಹಾಕುವ, ಮೇಕೆ ಮರಿ ಹಾಕುವ ದಿನಗಳನ್ನೂ ಬರೆಯಿರಿ. ಗರ್ಭ ಕಟ್ಟಿದ ದಿನದಿಂದ ಹಸುವಿಗೆ ಸುಮಾರು 280 ದಿನ, ಮೇಕೆ-ಕುರಿಗೆ ಸುಮಾರು 150. ಎರಡೂ ಒಂದೇ ವಾರಕ್ಕೆ ಬೀಳುವುದು ಕಂಡರೆ ಬೆದೆಯ ಒಂದು ಸುತ್ತು, ಅಂದರೆ 21 ದಿನ, ಬಿಟ್ಟು ಗರ್ಭಧಾರಣೆ ಮಾಡಿಸುವುದು ಹಸುವಿಗೆ ಒಂಬತ್ತು, ಮೇಕೆಗೆ ಐದು ತಿಂಗಳ ಮುಂಚೆ ಮಾತ್ರ ಸಾಧ್ಯ.

ನೀರು

ಇದನ್ನು ಮೊದಲು ಸರಿಮಾಡಿ. ಮೇವು ಒಂದು ಹೊತ್ತು ತಪ್ಪಿದರೆ ದನ ಕೂಗುತ್ತದೆ ಅಷ್ಟೇ. ಸೆಕೆಯಲ್ಲಿ ನೀರು ತಪ್ಪಿದರೆ ಅದೇ ದಿನ ಹಾಲು ಇಳಿಯುತ್ತದೆ, ಕೋಳಿಗಳು ಸಾಯುತ್ತವೆ. ಹೆಚ್ಚು ಹಾಲು ಕೊಡುವ ಹಸು ಸೆಕೆಯ ದಿನ 100 ಲೀಟರ್ ದಾಟಿ ಕುಡಿಯುತ್ತದೆ. ಬೆಳೆದ ಮೇಕೆಗೆ 4ರಿಂದ 8 ಲೀಟರ್, ಹಾಲಿದ್ದರೆ ಇನ್ನೂ ಹೆಚ್ಚು. ಮೊಟ್ಟೆ ಇಡುವ ಕೋಳಿಗೆ 200ರಿಂದ 250 ಮಿಲಿಲೀಟರ್, ಬಿಸಿಲು ಏರಿದಾಗ ಅದರ ಎರಡರಷ್ಟು.

ಬಕೆಟಿನಲ್ಲಿ ಹೊರುವುದನ್ನು ನಿಲ್ಲಿಸಲು ಬೇಕಾದ್ದು ಎತ್ತರದ ಮೇಲಿನ ಒಂದು ಟ್ಯಾಂಕು, ಒಂದು ಪೈಪು, ತೊಟ್ಟಿ ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ಒಂದು ಫ್ಲೋಟ್ ವಾಲ್ವ್. ಟ್ಯಾಂಕಿನ ಗಾತ್ರವನ್ನು ಎರಡು ದಿನದ ನೀರಿಗೆ ಲೆಕ್ಕ ಹಾಕಿ: ಎರಡು ಹಸು, ಹತ್ತು ಮೇಕೆ, ಮೂವತ್ತು ಕೋಳಿಗೆ ಸೆಕೆಯಲ್ಲಿ ದಿನಕ್ಕೆ ಹೆಚ್ಚೆಂದರೆ 300 ಲೀಟರ್, ಆದ್ದರಿಂದ 600ಕ್ಕೆ ಕಡಿಮೆ ಬೇಡ, 1000 ಇದ್ದರೆ ನೆಮ್ಮದಿ. ಕೆಡುವುದು ಎಲ್ಲಿ? ಹಸು ಮೂತಿಯಿಂದ ಫ್ಲೋಟ್ ಎತ್ತಿ ಆಡುತ್ತದೆ, ಕಡ್ಡಿ ಬಾಗುತ್ತದೆ, ನೀರು ಹರಿದು ಟ್ಯಾಂಕು ಬರಿದಾಗುತ್ತದೆ. ಹಾಗಾಗಿ ಫ್ಲೋಟಿನ ಮೇಲೆ ಗಟ್ಟಿ ತಗಡಿನ ಅಥವಾ ಹಲಗೆಯ ಮುಚ್ಚಳ ಬಿಗಿಯಬೇಕು. ಎರಡನೆಯ ತೊಂದರೆ ಕಸ: ಟ್ಯಾಂಕಿನ ತಳದ ಹೂಳು ವಾಲ್ವಿನ ಕಿಂಡಿಯಲ್ಲಿ ಕೂತು ನೀರು ನಿಲ್ಲುತ್ತದೆ. ಹೊರಹರಿವಿನ ಪೈಪನ್ನು ತಳದಿಂದ ಒಂದು ಗೇಣು ಮೇಲೆ ತೆಗೆದರೆ ಅರ್ಧ ಸಮಸ್ಯೆ ಮುಗಿಯಿತು. ಇಷ್ಟೆಲ್ಲ ಮಾಡಿದ ಮೇಲೂ ತೊಟ್ಟಿಯನ್ನು ದಿನಕ್ಕೊಮ್ಮೆ ಕಣ್ಣಿಂದ ನೋಡಲೇಬೇಕು. ತಾನಾಗಿ ನಡೆಯುವ ಏರ್ಪಾಡು ತಾನಾಗಿ ನಿಂತೂ ಹೋಗುತ್ತದೆ.

ಮೇವು: 30 ದಿನದ ಗಂಟು

ದಿನವೂ ಹಸಿ ಹುಲ್ಲು ಕೊಯ್ಯುವ ಕ್ರಮ ಆರೋಗ್ಯವಂತರಿಗೆ ಸರಿ. ಕಾಯಿಲೆಯ ಮನೆಗೆ 30 ದಿನದ ಮೇವು ಕೊಟ್ಟಿಗೆಯ ಪಕ್ಕದಲ್ಲೇ ಇರಬೇಕು. ಲೆಕ್ಕ ಸುಲಭ: ಹಸುವಿಗೆ ಅದರ ತೂಕದ ನೂರಕ್ಕೆ 2.5ರಿಂದ 3 ಪಾಲು ಒಣ ಪದಾರ್ಥ ಬೇಕು. 400 ಕಿಲೋ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ, ತಿಂಗಳಿಗೆ 300ರಿಂದ 360 ಕಿಲೋ. ಒಣಹುಲ್ಲೇ ಆದರೆ ತೇವದ ಪಾಲಿಗೆ ಹತ್ತಕ್ಕೊಂದು ಸೇರಿಸಿಕೊಳ್ಳಿ. ಬರೀ ಒಣಹುಲ್ಲಿನಲ್ಲಿ ಹಾಲು ಇಳಿಯುತ್ತದೆ, ಇಳಿಯಲಿ. ಈ ಹೊತ್ತಿನಲ್ಲಿ ಅದು ತೊಂದರೆಯೇ ಅಲ್ಲ.

ಹಾಲು ಉಳಿಸಿಕೊಳ್ಳಬೇಕೆಂದಿದ್ದರೆ ರಸಮೇವು (ಸೈಲೇಜ್) ಮಾಡಿ. ಮೆಕ್ಕೆಜೋಳದಂಥ ಮೇವನ್ನು ಕಾಳು ಹಾಲುಗಟ್ಟಿ ಗಟ್ಟಿಯಾಗುತ್ತಿರುವಾಗ ಕೊಯ್ದು, 2 ಸೆಂಟಿಮೀಟರಿನಷ್ಟು ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಚೀಲದಲ್ಲಿ ಕಟ್ಟಬೇಕು. ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಅದುಮಿ ಬಿಟ್ಟಾಗ ಉಂಡೆ ನಿಧಾನ ಬಿಚ್ಚಿಕೊಂಡು ಅಂಗೈ ಒದ್ದೆಯಾಗಿದ್ದರೆ ತೇವ ಸರಿಯಿದೆ. ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು, ಒಂದು ದಿನ ಬಾಡಿಸಿ. ಸುಮಾರು 45 ದಿನಕ್ಕೆ ಹದವಾಗುತ್ತದೆ. ದೊಡ್ಡ ಗುಂಡಿಗಿಂತ ಒಂದೆರಡು ದಿನಕ್ಕೆ ಮುಗಿಯುವ ಚೀಲಗಳು ನಮ್ಮ ಕೆಲಸಕ್ಕೆ ಒಳ್ಳೆಯವು, ಏಕೆಂದರೆ ಗುಂಡಿ ತೆರೆದ ಮೇಲೆ ದಿನವೂ ಅದರ ಮುಖದಿಂದ ಒಂದು ಗೇಣಾದರೂ ತೆಗೆಯದಿದ್ದರೆ ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಇಲಿ ಕಚ್ಚಿದ ತೂತನ್ನು ಅಂದೇ ಅಂಟುಪಟ್ಟಿಯಿಂದ ಮುಚ್ಚಿ.

ಮೇವು ಬದಲಿಸುವುದು ಒಂದೇ ದಿನದ ಕೆಲಸವಲ್ಲ. ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪ ಬೆರೆಸುತ್ತಾ 10ರಿಂದ 14 ದಿನ ಬೇಕು. ಸಹಾಯಕ್ಕೆ ಬಂದವರು ಮಾಡುವ ಅತ್ಯಂತ ಅಪಾಯದ ತಪ್ಪು ಪ್ರೀತಿಯಿಂದಲೇ ಆಗುತ್ತದೆ: ಹಸು ಕೂಗಿತೆಂದು ಎರಡು ಪಾಲು ಕಾಳು-ಹಿಂಡಿ ಹಾಕುವುದು. ಹೊಟ್ಟೆಯಲ್ಲಿ ಹುಳಿ ಏರಿ ದನ ಒಂದೇ ರಾತ್ರಿಯಲ್ಲಿ ನೆಲ ಹಿಡಿಯಬಹುದು. ಹಿಂಡಿಯ ಡಬ್ಬಕ್ಕೆ ಬೀಗ ಹಾಕಿ, ದಿನದ ಪಾಲನ್ನು ಅಳೆದು ಚೀಲದಲ್ಲಿಟ್ಟು ಪ್ರಾಣಿಯ ಹೆಸರು ಬರೆಯಿರಿ. ಕುರಿಗಳಿದ್ದರೆ ದನದ ಖನಿಜ ಮಿಶ್ರಣ ಅವಕ್ಕೆ ಹೋಗಕೂಡದು. ಅದರಲ್ಲಿನ ತಾಮ್ರ ಕುರಿಗೆ ವಿಷ.

ಹಾಲು ಕರೆಯುವ ಹೊತ್ತು

ಇಲ್ಲಿ ಜನ ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಸಡಿಲ ಇದೆ. ಹಾಲು ಹನ್ನೆರಡು ಗಂಟೆಗೊಮ್ಮೆಯೇ ಕರೆಯಬೇಕೆಂದಿಲ್ಲ. ಬೆಳಿಗ್ಗೆ ಐದಕ್ಕೆ, ಮಧ್ಯಾಹ್ನ ಮೂರಕ್ಕೆ ಕರೆದರೂ ನಷ್ಟ ಸಣ್ಣದು. ಹಸುವಿಗೆ ಬೇಕಿರುವುದು ದಿನವೂ ಅದೇ ಹೊತ್ತು. ಬದಲಿಸಬೇಕಾದರೆ ದಿನಕ್ಕೆ ಅರ್ಧ ಗಂಟೆಯಂತೆ ಸರಿಸುತ್ತಾ ಬನ್ನಿ.

ಒಂದೇ ಹೊತ್ತು ಕರೆಯುವುದು ಎರಡನೆಯ ದಾರಿ. ಹಾಲು ಸುಮಾರು ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಕೆಲಸ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕರು ಹಾಕಿ ನಾಲ್ಕೈದು ತಿಂಗಳು ಕಳೆದ ಹಸುವಿಗೆ ಇದು ಸಲೀಸು. ಈಗಷ್ಟೇ ಕರು ಹಾಕಿ ಹಾಲು ಏರುತ್ತಿರುವ ಹಸುವಿಗೆ ಬೇಡ: ಕೆಚ್ಚಲು ಬಿಗಿದು ಹಾಲು ಸೋರಿ ಬಾವು ಬರಲು ದಾರಿಯಾಗುತ್ತದೆ. ಅಂಥದಕ್ಕೆ ಕರುವನ್ನೇ ಕೆಲಸಕ್ಕೆ ಹಚ್ಚಿ. ರಾತ್ರಿ ಕರುವನ್ನು ಬೇರೆ ಕಟ್ಟಿ, ಬೆಳಿಗ್ಗೆ ನೀವು ಕರೆದು, ಆಮೇಲೆ ಹಗಲೆಲ್ಲ ಕರು ತಾಯಿಯ ಜೊತೆ ಇರಲಿ. ಸಂಜೆಯ ಹಾಲು ಕರುವಿನ ಪಾಲು. ಆಸ್ಪತ್ರೆಯಲ್ಲಿ ತಡವಾದ ದಿನ ಬೆಳಗಿನ ಹಾಲನ್ನೂ ಕರುವಿಗೇ ಬಿಟ್ಟರೆ ಕೆಚ್ಚಲಿಗೆ ಹಾನಿಯಿಲ್ಲ. ಆದರೆ ಎಳೆಗರು ನಾಲ್ಕೂ ಮೊಲೆ ಖಾಲಿ ಮಾಡುವುದಿಲ್ಲ, ತನಗೆ ಇಷ್ಟವಾದ ಎರಡನ್ನೇ ಚೀಪುತ್ತದೆ. ಉಳಿದೆರಡನ್ನು ಮುಟ್ಟಿ ನೋಡಿ ಬಿಗಿದಿದ್ದರೆ ಕೈಯಿಂದ ತೆಗೆಯಿರಿ.

ಮೂರನೆಯದು ಹಾಲು ಬತ್ತಿಸುವುದು. ಗಬ್ಬದ ಹಸುವಿಗೆ ಕರು ಹಾಕುವ 60 ದಿನ ಮುಂಚೆ ಹೇಗೂ ಬತ್ತಿಸಬೇಕು. ಮನೆಯಲ್ಲಿ ಶಸ್ತ್ರಚಿಕಿತ್ಸೆಯ ತಾರೀಖು ಗೊತ್ತಿದ್ದರೆ ಒಂದೆರಡು ವಾರ ಬೇಗ ಮಾಡಿದರೂ ತೊಂದರೆಯಿಲ್ಲ. ಕ್ರಮ ಹೀಗೆ. ಒಂದು ವಾರ ಮುಂಚೆ ಹಿಂಡಿ ನಿಲ್ಲಿಸಿ, ಒಣಹುಲ್ಲು ಹಾಕಿ, ಆದರೆ ನೀರು ಯಾವತ್ತೂ ಕಡಿಮೆ ಮಾಡಬೇಡಿ. ಹಾಲು ದಿನಕ್ಕೆ 10 ಲೀಟರಿಗಿಂತ ಕೆಳಗೆ ಬಂದಾಗ ಒಂದು ದಿನ ಪೂರ್ತಿ ಕರೆದು, ಮೊಲೆತುದಿಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅಲ್ಲಿಗೆ ನಿಲ್ಲಿಸಿಬಿಡಿ. ಹಿಂದೆ ಬಾವು ಬಂದಿದ್ದರೆ ಮೊಲೆಗೆ ಏರಿಸುವ ಔಷಧವನ್ನು ಪಶುವೈದ್ಯರಿಂದ ಹಾಕಿಸಿ. ಎರಡು-ಮೂರು ದಿನ ಕೆಚ್ಚಲು ತುಂಬಿ ನಿಲ್ಲುತ್ತದೆ, ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಆಗ ಸ್ವಲ್ಪ ಕರೆದು ಹಗುರ ಮಾಡೋಣ ಅನ್ನಿಸುವುದೇ ಎಲ್ಲ ಕೆಡುವ ಕ್ಷಣ. ಕರೆದರೆ ಹಾಲು ಮತ್ತೆ ಊರುತ್ತದೆ, ಮುಚ್ಚುತ್ತಿದ್ದ ಮೊಲೆತುದಿ ತೆರೆದುಕೊಳ್ಳುತ್ತದೆ. ಕೆಚ್ಚಲು ತುಂಬಿದ್ದರೂ ತಣ್ಣಗಿದ್ದು ಹಸು ತಿನ್ನುತ್ತಿದ್ದರೆ ಬಿಟ್ಟುಬಿಡಿ. ಒಂದು ಭಾಗ ಮಾತ್ರ ಬಿಸಿಯಾಗಿ ಕೆಂಪಾಗಿದ್ದರೆ, ಮುಟ್ಟಿದರೆ ಒದ್ದರೆ, ಜ್ವರವಿದ್ದರೆ ವೈದ್ಯರನ್ನು ಕರೆಸಿ.

ಹೊಸಬರು ಬಂದು ಕರೆದಾಗ ಹಸು ಹಾಲು ಬಿಡದಿರುವುದು ಮೊಂಡುತನವಲ್ಲ. ಹೆದರಿದ ಪ್ರಾಣಿಯ ಮೈಯಲ್ಲಿ ಹಾಲಿಳಿಸುವ ಚೋದಕದ (ಹಾರ್ಮೋನಿನ) ಕೆಲಸಕ್ಕೆ ತಡೆ ಬೀಳುತ್ತದೆ. ತುರ್ತು ಬರುವ ಮುಂಚೆಯೇ, ಬದಲಿ ಕರೆಯುವವರು ನಾಲ್ಕೈದು ದಿನ ನಿಮ್ಮ ಪಕ್ಕ ನಿಂತು ಹಿಂಡಿ ಹಾಕಲಿ, ಆಮೇಲೆ ಎರಡು ಮೊಲೆ ಅವರು, ಎರಡು ನೀವು. ಕೆಚ್ಚಲು ಒರೆಸಿ ಒಂದು ನಿಮಿಷದೊಳಗೆ ಶುರುಮಾಡಿ ಐದರಿಂದ ಏಳು ನಿಮಿಷದಲ್ಲಿ ಮುಗಿಸಬೇಕೆಂದು ಹೇಳಿಕೊಡಿ. ಚೋದಕದ ಪ್ರಭಾವ ಅಷ್ಟು ಹೊತ್ತೇ.

ಮಾರಬೇಕಾದಾಗ

ಬಿಲ್ ಕೈಗೆ ಬಂದ ದಿನ ಮಾರುವವರಿಗೆ ಬೆಲೆ ಸಿಗುವುದಿಲ್ಲ. ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಎಂಬ ಪಟ್ಟಿ ಈಗಲೇ ಇರಲಿ. ಬೆಳೆದ ಗಂಡುಮರಿಗಳು ಮೊದಲು. ಆಮೇಲೆ ಗರ್ಭ ಕಟ್ಟದೆ ಹಾಲೂ ಇಳಿದಿರುವ ಹಸು. ಒದೆಯುವ, ಹಾಯುವ ಪ್ರಾಣಿ ಎಷ್ಟೇ ಹಾಲು ಕೊಡಲಿ, ಅದೂ ಈ ಸಾಲಿಗೇ: ಆರೈಕೆ ಮಾಡುವವರ ಕೈ ಮುರಿದರೆ ಮನೆಯೇ ನಿಲ್ಲುತ್ತದೆ. ಗಬ್ಬದ ಕಡಸನ್ನು ಕೊನೆಯವರೆಗೂ ಇಟ್ಟುಕೊಳ್ಳಿ, ಕೆಲಸ ಕಡಿಮೆ, ಬೆಲೆ ಏರುತ್ತಲೇ ಇರುತ್ತದೆ.

ಹೊಲ ಮತ್ತು ತರಕಾರಿ ಮಡಿ

ದಿನ ಬಿಟ್ಟು ದಿನ ಕೀಳಬೇಕಾದ ಬೆಂಡೆ, ಬೀನ್ಸ್, ಸೌತೆಯಂಥವು ಈ ವರ್ಷಕ್ಕೆ ಬೇಡ. ಎರಡು ಕೊಯ್ಲು ತಪ್ಪಿದರೆ ಕಾಯಿ ಬಲಿತು ಗಿಡವೇ ಹೂ ಬಿಡುವುದನ್ನು ನಿಧಾನ ಮಾಡುತ್ತದೆ. ನೆಲದಲ್ಲೇ ಕಾಯಬಲ್ಲ ಗೆಡ್ಡೆಗಳು, ಬಲಿತ ಮೇಲೆ ತಿಂಗಳುಗಟ್ಟಲೆ ಇಡಬಹುದಾದ ಕುಂಬಳ, ಒಂದೇ ಸಲ ಕೊಯ್ಯುವ ಕಾಳುಗಳು ನಿಮ್ಮ ಹೊತ್ತಿಗೆ ಹೊಂದುತ್ತವೆ. ಉಳುವ ಶಕ್ತಿಯಿಲ್ಲದ ತುಂಡಿಗೆ ಸೆಣಬಿನಂಥ ಹಸಿರುಗೊಬ್ಬರದ ಬೀಜ ಚೆಲ್ಲಿ. ಹೂ ಬಿಡುವ ಹೊತ್ತಿಗೆ, ಸುಮಾರು 45ರಿಂದ 60 ದಿನಕ್ಕೆ, ಕೊಯ್ದು ಅಲ್ಲೇ ಹಾಸಿದರೂ ನಡೆದೀತು. ಬರಿನೆಲ ಬಿಟ್ಟರೆ ಮುಂದಿನ ವರ್ಷ ಕಳೆಯೇ ಬೆಳೆ.

ಕಳೆಗೆ ಪೂರ್ತಿ ಹಂಗಾಮು ಹೋರಾಡಬೇಕಿಲ್ಲ. ಬಹುತೇಕ ತರಕಾರಿಗಳಿಗೆ ನಾಟಿಯಾದ ಮೊದಲ 30ರಿಂದ 45 ದಿನ ನೆಲ ಶುಚಿಯಾಗಿದ್ದರೆ ಸಾಕು, ಆಮೇಲೆ ಎದ್ದ ಕಳೆ ಅಷ್ಟೇನೂ ಕದಿಯದು. ಆ ದಿನಗಳಲ್ಲಿ ಆಸ್ಪತ್ರೆ ಬರುವುದಿದ್ದರೆ ಒಣ ಎಲೆ, ಹುಲ್ಲಿನ ಹೊದಿಕೆ 10 ಸೆಂಟಿಮೀಟರ್ ದಪ್ಪ ಹಾಸಿ. ಬುಡದಿಂದ ನಾಲ್ಕು ಬೆರಳು ದೂರ ಬಿಡದಿದ್ದರೆ ಕಾಂಡ ಕೊಳೆಯುತ್ತದೆ.

ನೀರಿಗೆ ಹನಿ ನೀರಾವರಿ (ಡ್ರಿಪ್) ಮತ್ತು ಟೈಮರ್. ಒಂದು ಮಿಲಿಮೀಟರ್ ನೀರೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 100 ಚದರ ಮೀಟರ್ ಮಡಿಗೆ ದಿನಕ್ಕೆ 5 ಮಿಲಿಮೀಟರ್ ಕೊಡಬೇಕೆಂದರೆ 500 ಲೀಟರ್. ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಕಡಿಮೆ; ಅಲ್ಲಿ ಚೆಂಡು ತಿರುಗಿ ತೆರೆಯುವ ಬಾಲ್ ವಾಲ್ವ್ ಟೈಮರನ್ನೇ ಕೊಳ್ಳಿ. ಪೊರೆಯಿರುವ ಸೊಲೆನಾಯ್ಡ್ ಟೈಮರ್ ಒತ್ತಡವಿಲ್ಲದೆ ಸರಿಯಾಗಿ ತೆರೆಯದು ಅಥವಾ ಮುಚ್ಚದು, ಎಷ್ಟೋ ಮಂದಿ ಇದನ್ನೇ ತಂದು ಬೈದುಕೊಳ್ಳುತ್ತಾರೆ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ, ಟೈಮರಿನ ಬ್ಯಾಟರಿಯನ್ನು ಹಂಗಾಮಿನ ಶುರುವಿನಲ್ಲಿ ಹೊಸದು ಹಾಕಿ.

ಕೊಟ್ಟಿಗೆಯಿಂದ ಹಾಸಿಗೆಗೆ ಹೋಗುವ ರೋಗ

ಗಟ್ಟಿಮುಟ್ಟಾದವರಿಗೆ ಏನೂ ಮಾಡದ ಕೊಟ್ಟಿಗೆ ಕಾಯಿಲೆಯವರಿಗೆ ಬೇರೆಯೇ ಜಾಗ. ಕೊಟ್ಟಿಗೆಗೆ ಒಂದು ಜೊತೆ ಬೂಟು, ಒಂದು ಅಂಗಿ ಅಲ್ಲೇ ಬಾಗಿಲ ಹೊರಗೆ ಇರಲಿ. ಕೈ ತೊಳೆಯಲು ನಲ್ಲಿ ಮತ್ತು ಸೋಪು ಒಳಗೆ ಬರುವ ದಾರಿಯಲ್ಲಿರಬೇಕು. ಒಳಗೆ ಹೋಗಿ ತೊಳೆದರಾಯಿತು ಅನ್ನುವಲ್ಲೇ ಬಾಗಿಲ ಹಿಡಿ ಕೊಳೆಯಾಗಿರುತ್ತದೆ.

ಹಸಿ ಹಾಲನ್ನು ಯಾರಿಗೂ ಕೊಡಬೇಡಿ, ಕಾಯಿಲೆಯವರಿಗಂತೂ ಖಂಡಿತ ಬೇಡ. ಬ್ರುಸೆಲ್ಲಾ, ಕ್ಷಯ, ಸಾಲ್ಮೊನೆಲ್ಲಾ ಎಲ್ಲಕ್ಕೂ ಅದು ದಾರಿ. ಕುದಿಸಿದರೆ ಎಲ್ಲವೂ ಸಾಯುತ್ತವೆ. ಹಸು ಕಂದು ಹಾಕಿದರೆ ಆ ಕಂದು, ಮಾಸು, ದ್ರವ ಯಾವುದನ್ನೂ ಬರಿಗೈಯಲ್ಲಿ ಮುಟ್ಟಕೂಡದು. ಉದ್ದ ಕೈಗವಸು, ಮಾಸ್ಕ್ ಹಾಕಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಪಶುವೈದ್ಯರಿಗೆ ತಿಳಿಸಿ. ಗರ್ಭಿಣಿಯರು ಕುರಿ-ಮೇಕೆ ಮರಿ ಹಾಕುವ ಜಾಗಕ್ಕೆ ಹೋಗಲೇಬಾರದು, ಆ ಕೆಲಸದ ಬಟ್ಟೆಯನ್ನೂ ಒಗೆಯಬಾರದು. ಇಲಿ ಓಡಾಡುವ ಕಡೆ ನಿಂತ ನೀರಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರ.

ಕೀಮೋ ತೆಗೆದುಕೊಳ್ಳುವವರಿಗೆ ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ ಬಿಳಿರಕ್ತಕಣಗಳು ಸಾಮಾನ್ಯವಾಗಿ ತೀರಾ ಕಡಿಮೆ. ಆ ದಿನಗಳಲ್ಲಿ ಕೊಟ್ಟಿಗೆ, ತಿಪ್ಪೆ, ಬೂಷ್ಟು ಹಿಡಿದ ಹುಲ್ಲು, ಕೋಳಿಮರಿ ಎಲ್ಲವೂ ದೂರ. ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ, ಆ ಕ್ಷಣ ಆಸ್ಪತ್ರೆ. ಅಂದು ಕರೆಯದ ಹಸು ಬದುಕಿಕೊಳ್ಳುತ್ತದೆ. ಕೀಮೋ ಆದ 48 ಗಂಟೆ ಅವರ ವಾಂತಿ, ಮೂತ್ರ ಶುಚಿ ಮಾಡುವಾಗ ಕೈಗವಸು ಹಾಕಿ.

ಉಬ್ಬಸ, ಶ್ವಾಸಕೋಶದ ತೊಂದರೆ ಇದ್ದವರು ಹುಲ್ಲಿನ ಬಣವೆ ಬಿಚ್ಚುವುದು ಬೇಡ. ಬೇರೆಯವರೂ ಬೂಷ್ಟಿದ್ದರೆ ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿ ಬಿಚ್ಚಲಿ. ಅಂಥ ಕೆಲಸದ ನಾಲ್ಕರಿಂದ ಎಂಟು ಗಂಟೆಯ ನಂತರ ಚಳಿಜ್ವರ, ಒಣಕೆಮ್ಮು, ಏದುಸಿರು ಬಂದರೆ ಅದನ್ನು ನೆಗಡಿ ಎಂದು ತಳ್ಳಿಹಾಕಬೇಡಿ. ಬೂಷ್ಟಿನ ಧೂಳಿಗೆ ಶ್ವಾಸಕೋಶ ಕೆರಳಿರುತ್ತದೆ, ಮತ್ತೆಮತ್ತೆ ಆದರೆ ಶಾಶ್ವತ ಹಾನಿ. ಮಧುಮೇಹಿಗಳ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು: ಬೂಟು ಹಾಕುವ ಮುಂಚೆ ಒಳಗೆ ಕೈ ಹಾಕಿ ಕಲ್ಲು-ಮುಳ್ಳು ನೋಡಿ, ಸಂಜೆ ಪಾದ ನೋಡಿ. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಹಸುವಿನ ಕೊಂಬು ತಲೆಗೆ ತಾಗಿದರೆ ಹೊರಗೆ ಗಾಯವಿಲ್ಲದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಮರೆಗುಳಿತನ ಇರುವ ಹಿರಿಯರಿದ್ದರೆ ಕೀಟನಾಶಕದ ಕಪಾಟು, ಬಾವಿಯ ಬಾಯಿ, ಟ್ರ್ಯಾಕ್ಟರಿನ ಕೀಲಿ, ಮೇವು ಕತ್ತರಿಸುವ ಯಂತ್ರದ ಸ್ವಿಚ್ಚು, ಈ ನಾಲ್ಕಕ್ಕೂ ಬೀಗ. ಕೀಟನಾಶಕವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಯಾವ ಮನೆಯಲ್ಲೂ ಬೇಡ. ಜೀವನವಿಡೀ ದನ ನೋಡಿಕೊಂಡವರನ್ನು ಕೊಟ್ಟಿಗೆಯಿಂದ ಪೂರ್ತಿ ಹೊರಗಿಟ್ಟರೆ ಅವರ ಚಡಪಡಿಕೆ ಹೆಚ್ಚುತ್ತದೆ. ಕೋಳಿಗೆ ಕಾಳು ಚೆಲ್ಲುವ, ಕಾಳು ಬಿಡಿಸುವ ಕೆಲಸ ಕೊಡಿ; ಚೆಲ್ಲಿದ್ದನ್ನು ಮರೆತು ಮತ್ತೆ ಚೆಲ್ಲಿಯಾರು, ಅದಕ್ಕೆ ಡಬ್ಬದಲ್ಲಿ ಆ ದಿನದ ಪಾಲಷ್ಟೇ ಇರಲಿ.

ಔಷಧಿ ಮತ್ತು ವಿದ್ಯುತ್

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಬಳಕೆಯಲ್ಲಿರುವುದು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ 28 ದಿನ ಬರುತ್ತದೆ. ಕರುಗಳ ಲಸಿಕೆಗೂ ಮನೆಯವರ ಇನ್ಸುಲಿನ್‌ಗೂ ಒಂದೇ ಡಬ್ಬ ಬೇಡ, ಕರೆಂಟು ಹೋದ ಕತ್ತಲಲ್ಲಿ ಕೈ ತಪ್ಪುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಹೊಲಕ್ಕೆ ಇಳಿದ ದಿನ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ರಾತ್ರಿ ನಿದ್ದೆಯಲ್ಲಿ. ಜೇಬಿನಲ್ಲಿ ಸಕ್ಕರೆ ಇರಲಿ: ನಡುಕ, ಬೆವರು ಬಂದರೆ 15 ಗ್ರಾಂ, ಅಂದರೆ ಸುಮಾರು ಮೂರು ಚಿಕ್ಕ ಚಮಚ, ನೀರಲ್ಲಿ ಕಲಸಿ ಕುಡಿದು 15 ನಿಮಿಷದ ಮೇಲೆ ಮತ್ತೆ ಪರೀಕ್ಷೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಆಮ್ಲಜನಕ ಯಂತ್ರವಿದ್ದರೆ ಅದನ್ನೂ ನೀರೆತ್ತುವ ಪಂಪನ್ನೂ ಒಂದೇ ಜನರೇಟರಿಗೆ ಹಚ್ಚಬೇಡಿ. ಪಂಪು ಶುರುವಾಗುವ ಕ್ಷಣ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಯಂತ್ರ ಆಫ್ ಆಗುತ್ತದೆ. ಬದಲಿ ಸಿಲಿಂಡರು ಎಷ್ಟು ಹೊತ್ತು ಬರುತ್ತದೆಂದು ಮೊದಲೇ ಬರೆದಿಡಿ: 1500 ಲೀಟರ್ ಇದ್ದು ನಿಮಿಷಕ್ಕೆ 2 ಲೀಟರ್ ಕೊಡುತ್ತಿದ್ದರೆ 750 ನಿಮಿಷ, ಹನ್ನೆರಡೂವರೆ ಗಂಟೆ. ಜನರೇಟರ್ ಯಾವತ್ತೂ ಮನೆಯ, ಕೊಟ್ಟಿಗೆಯ ಹೊರಗೇ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಬಾಗಿಲ ಹಿಂದಿನ ಹಾಳೆ

ಹಿಡುವಳಿಯ ಅರ್ಧ ತಿಳಿವಳಿಕೆ ಕಾಯಿಲೆ ಬಿದ್ದವರ ತಲೆಯಲ್ಲೇ ಇರುತ್ತದೆ. ಅದನ್ನು ಎರಡು ಪುಟಕ್ಕೆ ಇಳಿಸಿ ಕೊಟ್ಟಿಗೆಯ ಬಾಗಿಲ ಹಿಂದೆ ಅಂಟಿಸಿ. ಯಾವ ಪ್ರಾಣಿಗೆ ಎಷ್ಟು, ಕಿಲೋದಲ್ಲಿ ಬೇಡ, ಅಲ್ಲಿರುವ ಡಬ್ಬದ ಅಳತೆಯಲ್ಲಿ. ಯಾವ ಹಸುವನ್ನು ಎಡಗಡೆಯಿಂದ ಕರೆಯಬೇಕು, ಯಾವುದು ಹಿಂದೆ ನಿಂತರೆ ಒದೆಯುತ್ತದೆ. ಯಾವ ವಾಲ್ವ್ ಎಲ್ಲಿಗೆ; ಹಾಳೆಯಲ್ಲಷ್ಟೇ ಅಲ್ಲ, ವಾಲ್ವಿನ ಮೇಲೂ ಬಣ್ಣದಿಂದ ಅಂಕಿ ಬರೆಯಿರಿ. ಪಂಪು ಶುರುವಾಗದಿದ್ದರೆ ನೋಡಬೇಕಾದ ಮೂರು ಜಾಗ. ಯಾವ ಪ್ರಾಣಿಗೆ ಔಷಧ ನಡೆದಿದೆ, ಎಂದಿನವರೆಗೆ ಅದರ ಹಾಲು ಬಳಸಬಾರದು. ಎಳೆಯ ಬಿಳಿಜೋಳದ ಮೇವನ್ನು, ಅದರಲ್ಲೂ ಬಾಡಿದ್ದನ್ನು, ಕೊಯ್ದು ಹಾಕಬಾರದು ಎಂಬಂಥ ಮಾತುಗಳು ದಪ್ಪಕ್ಷರದಲ್ಲಿ. ಅದರ ಸಯನೈಡ್ ವಿಷಕ್ಕೆ ದನ ನಿಮಿಷಗಳಲ್ಲಿ ಸಾಯುತ್ತದೆ. ಪಶುವೈದ್ಯರ, ನೆರೆಯವರ ಫೋನ್ ನಂಬರ್. ಬರೆದಾದ ಮೇಲೆ ದನ ಗೊತ್ತಿಲ್ಲದ ಯಾರಾದರೂ ಅದನ್ನು ಓದಿ ಒಂದು ಸಂಜೆಯ ಕೆಲಸ ಮಾಡಲಿ, ನೀವು ಬಾಯಿ ಬಿಡದೆ ನಿಂತು ನೋಡಿ. ಅವರು ಕೇಳಿದ ಪ್ರಶ್ನೆಗಳೇ ಹಾಳೆಯಲ್ಲಿ ಬಿಟ್ಟುಹೋದ ಸಾಲುಗಳು.

"ಏನಾದರೂ ಬೇಕಿದ್ದರೆ ಹೇಳಿ" ಎಂದವರಿಗೆ ಏನೂ ಹೇಳದೆ ಇರುವುದೇ ಹೆಚ್ಚು. ಅದರ ಬದಲು ಕೆಲಸ, ವಾರ, ಗಂಟೆ ಮೂರನ್ನೂ ಹೇಳಿ: ಮಂಗಳವಾರ ಸಂಜೆ ಆರೂವರೆಗೆ ಬಂದು ಕೋಳಿಗೂಡು ಮುಚ್ಚಿ, ತೊಟ್ಟಿ ನೋಡಿ ಹೋಗಿ. ಹತ್ತು ನಿಮಿಷದ ಕೆಲಸಕ್ಕೆ ಜನ ತಿಂಗಳುಗಟ್ಟಲೆ ಬರುತ್ತಾರೆ. ದಿನವಿಡೀ ಕೆಲಸಕ್ಕೆ ಎರಡು ಸಲ ಬಂದು ಮೂರನೆಯ ಸಲ ಫೋನ್ ಎತ್ತುವುದಿಲ್ಲ, ತಪ್ಪು ಅವರದಲ್ಲ. ತಮ್ಮ ಮನೆಯಲ್ಲೂ ದನ ಇರುವವರಿಗೆ ನಿಮ್ಮ ಬೂಟನ್ನೇ ಕೊಡಿ, ಅವರ ಕೊಟ್ಟಿಗೆಯ ರೋಗ ನಿಮ್ಮಲ್ಲಿಗೆ ಬರುವುದು ಬೇಡ.

ಉಳಿದ ಎರಡು ಕೈ

ಐದು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ಮಾಡಬಾರದ ಕೆಲಸಗಳಿವೆ: ಮೇವು ಕತ್ತರಿಸುವ ಯಂತ್ರ, ಇಳಿಜಾರಿನಲ್ಲಿ ಟ್ರ್ಯಾಕ್ಟರ್, ಮರ ಹತ್ತುವುದು, ಹೋರಿಯ ಹತ್ತಿರ ಹೋಗುವುದು, ಔಷಧ ಸಿಂಪಡಿಸುವುದು. ಯಂತ್ರಕ್ಕೆ ಕೈ ಕೊಡುವವರು ಹೆಚ್ಚಾಗಿ ಹೊಸಬರಲ್ಲ, ದಣಿದ ಪಳಗಿದವರು. ಒಂದು ದಿನ ಮೇವನ್ನು ಕತ್ತರಿಸದೆ ಉದ್ದಕ್ಕೇ ಹಾಕಿ. ಸ್ವಲ್ಪ ಹಾಳಾಗುತ್ತದೆ, ಅಷ್ಟೇ. ರಾತ್ರಿ ಎದ್ದು ರೋಗಿಯನ್ನು ನೋಡುವವರೇ ಬೆಳಿಗ್ಗೆ ಹಾಲನ್ನೂ ಕರೆಯುವ ಪಾಳಿ ಇದ್ದರೆ ಮೊದಲು ಅದನ್ನೇ ಒಡೆಯಬೇಕು. ಇಬ್ಬರಿದ್ದರೆ ಒಬ್ಬರಿಗೆ ರಾತ್ರಿ, ಒಬ್ಬರಿಗೆ ಬೆಳಗು. ಒಬ್ಬರೇ ಇದ್ದರೆ ಹಾಲು ಕರೆಯುವ ಹೊತ್ತನ್ನು ಎಂಟಕ್ಕೆ ಸರಿಸಿ. ಆರೈಕೆ ಮಾಡುವವರ ಮಾತ್ರೆ, ತಪಾಸಣೆಯ ದಿನಗಳೂ ಅದೇ ಗೋಡೆ ಕ್ಯಾಲೆಂಡರಿನಲ್ಲಿ ಇರಲಿ, ಟೆಟನಸ್ ಲಸಿಕೆ ಸೇರಿ.

ಮತ್ತೆ ಕೆಲಸಕ್ಕೆ ಇಳಿಯುವಾಗ

ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ಎದೆಮೂಳೆ ಕೊಯ್ದಿದ್ದರೆ ಎಂಟರಿಂದ ಹನ್ನೆರಡು ವಾರ ಎತ್ತುವುದು, ಎಳೆಯುವುದು, ತಳ್ಳುವುದು ಯಾವುದೂ ಇಲ್ಲ. ನಿಮ್ಮ ವೈದ್ಯರು ಬೇರೆ ಲೆಕ್ಕ ಹೇಳಿದ್ದರೆ ಅದೇ ಸರಿ, ಆದರೆ ಅವರಿಗೆ ಕೆಲಸದ ತೂಕ ತಿಳಿಸುವುದು ನಿಮ್ಮ ಜವಾಬ್ದಾರಿ. "ಮನೆಗೆಲಸ ಮಾಡಬಹುದಾ?" ಎಂದು ಕೇಳಿದರೆ ಆಗಬಹುದು ಅಂತಾರೆ. ತುಂಬಿದ ಬಕೆಟ್ 10 ಕಿಲೋ ಮೇಲೆ, ಹಿಂಡಿ ಮೂಟೆ 50 ಕಿಲೋ, ಜಗ್ಗುವ ಕರುವಿನ ಹಗ್ಗ ಒಮ್ಮೆಲೇ ಇಡೀ ಮೈಯನ್ನು ಎಳೆಯುತ್ತದೆ ಎಂದು ಬಿಡಿಸಿ ಹೇಳಿ ಕೇಳಿ.

ಶುರುವಿಗೆ ನಿಂತು ಮಾಡುವ ಹಗುರ ಕೆಲಸ: ಸೊಂಟದೆತ್ತರದ ಮೇಜಿನ ಮೇಲೆ ಸಸಿ ತಟ್ಟೆ, ಮೊಟ್ಟೆ ಆರಿಸುವುದು, ಲೆಕ್ಕ ಬರೆಯುವುದು. ದೊಡ್ಡ ಬಕೆಟುಗಳನ್ನು ಕಣ್ಣಿಗೆ ಬೀಳದಂತೆ ಎತ್ತಿಟ್ಟು 4 ಲೀಟರಿನವನ್ನೇ ಕೊಟ್ಟಿಗೆಯಲ್ಲಿಡಿ. ಎದುರಿಗಿದ್ದರೆ ರೂಢಿಯ ಕೈ ದೊಡ್ಡದನ್ನೇ ಎತ್ತುತ್ತದೆ. ಹಾಲು ಕರೆಯುವ ಕುಕ್ಕರಗಾಲು ಹೊಟ್ಟೆಗೆ ಒತ್ತಡ, ಆದ್ದರಿಂದ ಒಂದು ಅಡಿ ಎತ್ತರದ ಸ್ಟೂಲು ಬೇಕು, ಮೊದಲ ವಾರ ಒಂದೇ ಹಸು, ಅದೂ ಸಾಧುವಾದದ್ದು. ಮಾರಿದ ಪ್ರಾಣಿಗಳ ಜಾಗಕ್ಕೆ ಹೊಸದನ್ನು ತರುವ ಮುಂಚೆ ಮೂರು ದಿನ ನಿಮಿಷಗಳ ಚೀಟಿಯನ್ನು ಮತ್ತೆ ಬರೆಯಿರಿ. ತಂದದ್ದನ್ನು ಹಳೆಯ ಮಂದೆಯಿಂದ ಮೂರು ವಾರವಾದರೂ ದೂರ ಕಟ್ಟಬೇಕಾಗುತ್ತದೆ. ಆ ಹೆಚ್ಚಿನ ನಡಿಗೆಯ ಹೊತ್ತನ್ನೂ ಅದರಲ್ಲಿ ಸೇರಿಸಿ.